ಗೋದಾಮಿನ ಮೂರು ಚೀಲಗಳ ಇತಿಹಾಸ



ನೆರೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಹಚ್ಚಿದ ಸಹಕಾರ ದೀಪದ ಬೆಳಕು ನಮ್ಮ ಅಬ್ಬಿಗೇರಿಗೂ ಬಂತು. ಈ ಬೆಳ್ಳಿಹಬ್ಬದ ಸಂದರ್ಭದಲ್ಲಿ ಗೋದಾಮಿನ ಮೂರು ಚೀಲಗಳ ಇತಿಹಾಸ ಹೇಳಬೇಕೆನಿಸಿತು. ಅವೇ ಯೂರಿಯಾ, ಡಿಎಪಿ, ಪೊಟ್ಯಾಷ್.

ಇವು ಒಂದೇ ಮನಿಯ ಅಣ್ಣತಮ್ಮಂದಿರು. ಒಂದರ ಧಾರಣಿ ಬದಲಾದರೆ ಉಳಿದವುಗಳ ಮಾರಾಟವೂ ಬದಲಾಗುತ್ತದೆ. 1992ರ ಆಗಸ್ಟ್ 25ರಂದು ಕೇಂದ್ರ ಸರಕಾರ ರಂಜಕ ಮತ್ತು ಪೊಟ್ಯಾಷ್ ಗೊಬ್ಬರಗಳ ಬೆಲೆ ನಿಯಂತ್ರಣ ತೆಗೆಯಿತು. ಯೂರಿಯಾ ಮಾತ್ರ ತನ್ನ ಕೈಯಲ್ಲೇ ಇಟ್ಟುಕೊಂಡು, ಟನ್ನಿಗೆ 3,060 ರೂಪಾಯಿ ಇದ್ದದ್ದನ್ನು 2,760ಕ್ಕೆ ಇಳಿಸಿತು. ಡಿಎಪಿ, ಪೊಟ್ಯಾಷ್ ಧಾರಣಿ ಜಿಗಿಯಿತು. ರೈತ ಏನು ಮಾಡ್ಯಾನು? ಸೋವಿ ಚೀಲಕ್ಕೇ ಕೈ ಹಾಕಿದ. ದೇಶದಲ್ಲಿ ಸಾರಜನಕ, ರಂಜಕ, ಪೊಟ್ಯಾಷ್ ಬಳಕೆಯ ಪ್ರಮಾಣ 1991-92ರಲ್ಲಿ 5.9:2.4:1 ಇದ್ದದ್ದು ಮರುವರ್ಷವೇ 9.5:3.2:1 ಆಯಿತು.

ಆಗ ನಾನು ಶಾಲಿ ಹುಡುಗ. ನಮ್ಮ ತಂದೆಯವರೂ ಬರೀ ಯೂರಿಯಾ ಹಾಕಿದರು. ಜೋಳ ಆಳೆತ್ತರ ಕರ್ರಗೆ ಬೆಳೆದು, ಗಾಳಿಗೆ ಮಲಗಿತು. "ನೋಡಾಕ ಚಂದ, ಚೀಲಕ್ಕ ಇಲ್ಲ" ಎಂದು ತಲಿ ಮ್ಯಾಲೆ ಕೈ ಇಟ್ಟು ಕುಂತಿದ್ದರು.

2010ರಲ್ಲಿ ಪೋಷಕಾಂಶ ಆಧಾರಿತ ಸಹಾಯಧನ ಬಂದಾಗಲೂ ಯೂರಿಯಾ ಹೊರಗೇ ಉಳಿಯಿತು. 2024ರಲ್ಲಿ 45 ಕೆ.ಜಿ. ಯೂರಿಯಾ ಚೀಲಕ್ಕೆ 266 ರೂಪಾಯಿ 50 ಪೈಸೆ, 50 ಕೆ.ಜಿ. ಡಿಎಪಿಗೆ 1,350 ರೂಪಾಯಿ. ಅಂತರ ಹೋಗಿಲ್ಲ, ಆಸೆಯೂ ಹೋಗಿಲ್ಲ.

ನಿರ್ದೇಶಕನಾಗಿ ನನ್ನ ವಿನಂತಿ ಇಷ್ಟೇ: ಧಾರಣಿ ನೋಡಿ ಗೊಬ್ಬರ ಒಯ್ಯಬ್ಯಾಡ್ರಿ, ಮಣ್ಣು ಪರೀಕ್ಷೆ ಮಾಡಿಸಿ ಒಯ್ಯಿರಿ. ನಮ್ಮ ಎರಿ ಭೂಮಿಗೆ ರೊಕ್ಕದ ಲೆಕ್ಕ ತಿಳಿಯೂದಿಲ್ಲ, ಹಸಿವು ಅಷ್ಟೇ ತಿಳಿತೈತಿ.