ತದಡಿಯ ದಾರಿ, ಬಿಡಾರದ ಗಾಡಿ

ಕಾರಿನ ಅಥವಾ ಜೀಪಿನ ಹಿಂದೆ ಪುಟ್ಟ ಬಿಡಾರವೊಂದನ್ನು ಕಟ್ಟಿಕೊಂಡು ಹೊರಟು, ಮನಸ್ಸಿಗೆ ಬಂದ ಕಡೆ ಎರಡು ದಿನ ತಂಗಿ ಮುಂದೆ ಸಾಗಬೇಕೆಂಬ ಆಸೆ ಈಚೆಗೆ ನಮ್ಮಲ್ಲಿಯೂ ಬೆಳೆಯುತ್ತಿದೆ. ಎರಡು ಗಾಲಿಯ ಮೇಲೆ ಹಾಸಿಗೆ, ಒಲೆ, ನೀರಿನ ತೊಟ್ಟಿ, ಬಿಚ್ಚಿ ಕಟ್ಟುವ ಗುಡಾರ ಇಷ್ಟನ್ನು ಹೊತ್ತು ಹಿಂದೆ ಬರುವ ಇಂಥ ಗಾಡಿಯನ್ನು ಟ್ರೇಲರ್ ಎನ್ನುತ್ತೇವೆ. ಅದು ಡಾಂಬರು ರಸ್ತೆಯನ್ನು ಬಿಟ್ಟು ಕಾಡುದಾರಿಗೂ ಇಳಿಯುವಂತಿರಬೇಕು, ಬೆಲೆಯೂ ಕೈಗೆಟುಕುವಂತಿರಬೇಕು. ಇಂಥದೊಂದನ್ನು ಆರಿಸುವುದು ಹೇಗೆ?

ಪ್ರಶ್ನೆ ಹೊಸ ಕಾಲದ್ದೆಂದು ನಿಮಗೆ ತೋರಬಹುದು. ಆದರೆ ಉತ್ತರ ಕನ್ನಡದ ಕರಾವಳಿಗೆ ಇದು ಬಹಳ ಹಳೆಯದು. ಅಘನಾಶಿನಿ ನದಿ ಕಡಲನ್ನು ಸೇರುವ ಅಳಿವೆಯ ಉತ್ತರದ ದಂಡೆಯಲ್ಲಿ ತದಡಿಯಿದೆ. ಒಂದು ಕಡೆ ಗೋಕರ್ಣ, ನದಿಯ ಆಚೆ ಅಘನಾಶಿನಿ ಗ್ರಾಮ, ಮೇಲುಹೊಳೆಯಲ್ಲಿ ಮಿರ್ಜಾನಿನ ಕೋಟೆ, ಬೆನ್ನಿಗೆ ಸಹ್ಯಾದ್ರಿ. ಘಟ್ಟದ ಮೇಲಿನ ಸರಕು ಈ ತೀರಕ್ಕೆ ಇಳಿಯಬೇಕಾದರೂ ಕಡಲ ಉಪ್ಪು ಘಟ್ಟ ಹತ್ತಬೇಕಾದರೂ ದಾರಿಯಲ್ಲಿ ಹಲವು ರಾತ್ರಿ ಕಳೆಯಲೇಬೇಕಾಗಿತ್ತು. ಏನನ್ನು ಹೊರಬೇಕು, ಏನನ್ನು ಬಿಡಬೇಕು, ಎಲ್ಲಿ ಮಲಗಬೇಕು, ಯಾವ ಗಾಡಿ ಈ ದಾರಿಗೆ ಬಾಳುತ್ತದೆ ಎಂಬುದನ್ನು ಇಲ್ಲಿಯ ಜನ ತಲೆಮಾರುಗಳ ಕಾಲ ಯೋಚಿಸಿದ್ದಾರೆ. ಅವರ ಲೆಕ್ಕಾಚಾರವನ್ನು ಒಮ್ಮೆ ಮೆಲುಕು ಹಾಕಿದರೆ ನಿಮ್ಮ ಆಯ್ಕೆ ಸುಲಭವಾದೀತು.

ಮೊದಮೊದಲು ಈ ಘಟ್ಟಗಳಲ್ಲಿ ಗಾಲಿಗೆ ಎಡೆಯೇ ಇರಲಿಲ್ಲ. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲ ವಲ್ಲೆ ಗೋವೆಯಿಂದ ಹೊನ್ನಾವರಕ್ಕೆ ಬಂದು, ಕೆಳದಿಯ ವೆಂಕಟಪ್ಪನಾಯಕನ ಆಸ್ಥಾನಕ್ಕೆ ಹೊರಟಿದ್ದ ಪೋರ್ಚುಗೀಸ್ ರಾಯಭಾರಿಯೊಡನೆ ಇಕ್ಕೇರಿಗೆ ಹೋದ. ಹೊನ್ನಾವರದಿಂದ ಗೇರುಸೊಪ್ಪೆಯವರೆಗೆ ಶರಾವತಿಯಲ್ಲಿ ದೋಣಿಯ ಪಯಣ. ಅಲ್ಲಿಂದ ಮುಂದೆ ಘಟ್ಟದ ಏರು. ಗೇರುಸೊಪ್ಪೆಯ ಕಾಳುಮೆಣಸು ಯುರೋಪಿನವರನ್ನು ಈ ತೀರಕ್ಕೆ ಸೆಳೆದ ಕಾಲದಲ್ಲಿಯೂ ಆ ಮೆಣಸು ಇಳಿದು ಬಂದದ್ದು ಮನುಷ್ಯರ ತಲೆಯ ಮೇಲೆ, ಹೇರಿನ ಎತ್ತುಗಳ ಬೆನ್ನ ಮೇಲೆ.

ಹೇರಿನ ಎತ್ತಿನ ವ್ಯಾಪಾರದಲ್ಲಿ ಲಂಬಾಣಿಗರದು ದೊಡ್ಡ ಹೆಸರು. ನೂರಾರು ಎತ್ತುಗಳ ಹಿಂಡು, ಜೊತೆಗೆ ಹೆಂಗಸರು, ಮಕ್ಕಳು, ಕಾವಲಿನ ನಾಯಿ. ಕತ್ತಲಾದಲ್ಲಿ ಗೋಣಿಗಳನ್ನು ಇಳಿಸಿ ಒಟ್ಟಿದರೆ ಅದೇ ಗೋಡೆ, ಅದೇ ಬಿಡಾರ. ಒಂದು ಎತ್ತು ಹೊರುವುದು ಹೆಚ್ಚೆಂದರೆ ಒಂದು ಕ್ವಿಂಟಲಿನ ಆಜುಬಾಜು. ಹೀಗಾಗಿ ಅವರ ಸಂಸಾರದ ಸಾಮಾನಿಗೆ ಕಟ್ಟುನಿಟ್ಟಿನ ಮಿತಿಯಿತ್ತು. ತಮಗಾಗಿ ಒಂದು ಪಾತ್ರೆ ಹೆಚ್ಚು ಹೊತ್ತರೆ ಮಾರುವ ಉಪ್ಪು ಅಷ್ಟು ಕಡಿಮೆಯಾಯಿತೆಂದೇ ಲೆಕ್ಕ.

ಟಿಪ್ಪುವಿನ ಪತನಾನಂತರ ಕನ್ನಡ ಜಿಲ್ಲೆ ಕಂಪನಿಯ ಕೈಸೇರಿತು. ಆಗ ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ದೇಶವನ್ನು ನೋಡಿ ವರದಿ ಮಾಡಲು ಹೊರಟ ವೈದ್ಯ ಫ್ರಾನ್ಸಿಸ್ ಬುಕಾನನ್ 1801ರ ಮೊದಲ ತಿಂಗಳುಗಳಲ್ಲಿ ಹೊನ್ನಾವರ, ಮಿರ್ಜಾನ, ಗೋಕರ್ಣ, ಅಂಕೋಲೆಗಳ ಮಾರ್ಗವಾಗಿ ಸಾಗಿ, ಆಮೇಲೆ ಘಟ್ಟ ಹತ್ತಿ ಸೋಂದೆ, ಶಿರಸಿಗಳನ್ನು ಕಂಡ. ಶರಾವತಿ, ಅಘನಾಶಿನಿ, ಗಂಗಾವಳಿ, ಕಾಳಿ ಈ ನಾಲ್ಕು ಹೊಳೆಗಳು ಅಡ್ಡಬರುವ ನಾಡು ಇದು. ದೋಣಿಗೆ ಹೇರಲಾಗದ್ದನ್ನು ಇಲ್ಲಿ ಯಾರೂ ಕೊಂಡೊಯ್ಯುವಂತಿರಲಿಲ್ಲ.

ಗಾಲಿಯ ಕಾಲ ಬಂದದ್ದು ಹತ್ತಿಯಿಂದ. ಧಾರವಾಡ, ಹುಬ್ಬಳ್ಳಿ ಸೀಮೆಯ ಎರೆಹೊಲದ ಹತ್ತಿ ಮುಂಬಯಿಗೆ ಹೋಗಲು ಹತ್ತಿರದ ಬಾಗಿಲು ಕುಮಟಾ. ಹತ್ತೊಂಬತ್ತನೆಯ ಶತಮಾನದ ನಡುವಿಗೆ ದೇವಿಮನೆ ಘಟ್ಟದಲ್ಲಿ ಗಾಡಿ ಹೋಗುವ ದಾರಿ ತೆರೆಯಿತು. 1861ರಿಂದ 1865ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿಯ ಹತ್ತಿ ನಿಂತಾಗ ಇಲ್ಲಿಯ ಹತ್ತಿಗೆ ಬಂಗಾರದ ಬೆಲೆ ಬಂದಿತು. ಉತ್ತರ ಕನ್ನಡ ಜಿಲ್ಲೆಯು ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿದ್ದೂ ಅದೇ ಹೊತ್ತಿನಲ್ಲಿ, 1862ರಲ್ಲಿ. ಬೆಳೆದದ್ದು ಬಯಲುಸೀಮೆಯಲ್ಲಾದರೂ ಪೇಟೆಯಲ್ಲಿ ಆ ಹತ್ತಿಗೆ ನಿಂತ ಹೆಸರು ‘ಕುಮಟಾ ಹತ್ತಿ’ ಎಂದು. ದಾರಿಯ ಕೊನೆಯ ಊರು ಬೆಳೆಗೆ ತನ್ನ ಹೆಸರಿಟ್ಟಿತು!

ಆ ಚಕ್ಕಡಿಗಳ ಸಾಲನ್ನು ಸ್ವಲ್ಪ ಊಹಿಸಿಕೊಳ್ಳಿ. ಹುಬ್ಬಳ್ಳಿಯಿಂದ ಕುಮಟೆಗೆ ಸುಮಾರು 160 ಕಿಲೋಮೀಟರು. ಹೇರು ತುಂಬಿದ ಗಾಡಿ ದಿನಕ್ಕೆ ಇಪ್ಪತ್ತು ಇಪ್ಪತ್ತೈದು ಕಿಲೋಮೀಟರು ನಡೆದರೆ ಹೆಚ್ಚು. ಅಂದರೆ ದಾರಿಯಲ್ಲಿ ಒಂದು ವಾರ. ಮಳೆಗಾಲದಲ್ಲಿ ಬಂದರೂ ಮುಚ್ಚುತ್ತಿತ್ತು, ಘಟ್ಟವೂ ಕೆಡುತ್ತಿತ್ತು, ವ್ಯಾಪಾರವೆಲ್ಲ ಒಣಗಾಲದ್ದು. ಹಗಲು ಸರಕು ಹೊತ್ತ ಗಾಡಿಯೇ ರಾತ್ರಿ ಮನೆ. ಮೂಕಿಯನ್ನು ಆಸರೆಯ ಮೇಲೆ ನಿಲ್ಲಿಸಿ, ಎತ್ತು ಬಿಚ್ಚಿ ಮೇವು ಹಾಕಿ, ಮೂರು ಕಲ್ಲಿನ ಒಲೆ ಹೂಡಿ, ಊಟವಾದ ಮೇಲೆ ಗಾಡಿಯ ಕೆಳಗೆ ಕಂಬಳಿ ಹಾಸಿದರೆ ಬಿಡಾರ ಮುಗಿಯಿತು. ರೊಟ್ಟಿ, ಚಟ್ನಿಪುಡಿ, ಕಂಬಳಿ, ಕೀಲೆಣ್ಣೆಯ ಕೊಳವೆ, ಕೊಡಲಿ, ಹಗ್ಗ. ಬದುಕಿಗೆ ಬೇಕಾದದ್ದು ಇಷ್ಟೇ. ಉಳಿದ ಜಾಗವೆಲ್ಲ ಹತ್ತಿಯದು.

ಗಾಡಿ ಕೊಳ್ಳುವಾಗ ರೈತ ಏನೇನು ನೋಡುತ್ತಿದ್ದನೆಂಬುದನ್ನು ಗಮನಿಸಿ. ಅಚ್ಚು ನೆಟ್ಟಗಿದೆಯೇ, ಅರಗಳು ಅಲುಗದೆ ಕೂತಿವೆಯೇ, ಗಾಲಿಗೆ ಹಾಕಿದ ಕಬ್ಬಿಣದ ಪಟ್ಟಿ ಸಡಿಲವಾಗಿಲ್ಲವೇ ಎಂಬುದು ಮೊದಲು. ಮುರಿದರೆ ದಾರಿಯ ಊರಿನ ಬಡಗಿ, ಕಮ್ಮಾರರು ಸರಿಮಾಡಬಲ್ಲರೇ ಎಂಬುದು ಎರಡನೆಯದು. ಮೂರನೆಯದು ತೂಕದ ಸಮ. ಹೇರು ಮುಂದಾದರೆ ಮುಂಭಾರ, ಎತ್ತಿನ ಹೆಗಲು ಕುಸಿಯುತ್ತದೆ. ಹಿಂದಾದರೆ ಹಿಂಭಾರ, ನೊಗ ಮೇಲೆದ್ದು ಎತ್ತಿನ ಕೊರಳು ಬಿಗಿಯುತ್ತದೆ. ಕೊನೆಯದು ಇಳಿಜಾರಿನ ತಡೆ. ಏರಿಗೆ ಎತ್ತಿನ ಬಲ ಸಾಕು, ಇಳಿಜಾರಿಗೆ ಗಾಲಿಯನ್ನು ಹಿಡಿದು ನಿಲ್ಲಿಸುವ ಉಪಾಯ ಬೇಕು. ಗಾಡಿಯ ಚಿತ್ತಾರ, ಬಣ್ಣ, ಕಮಾನುಗಳೆಲ್ಲ ಇವುಗಳ ಅನಂತರದ ಮಾತು.

1888ರ ಸುಮಾರಿಗೆ ಹುಬ್ಬಳ್ಳಿಯ ಕಡೆಯಿಂದ ಮರ್ಮಗೋವೆಯ ಬಂದರಿಗೆ ರೈಲು ಹಾದಿ ಕೂಡಿತು. ಹತ್ತಿ ರೈಲು ಹತ್ತಿತು. ಕುಮಟೆಯ ವೈಭವ ಇಳಿಯಿತು. ಚಕ್ಕಡಿಗಳ ಸಾಲು ಕರಗಿತು.

ಅತ್ತ ಇಂಗ್ಲೆಂಡಿನಲ್ಲಿ ಅದೇ ಸುಮಾರಿಗೆ ಇನ್ನೊಂದು ಬಗೆಯ ಗಾಡಿ ದಾರಿ ಹಿಡಿದಿತ್ತು. ಸ್ಕಾಟ್ಲೆಂಡಿನ ವೈದ್ಯ, ಲೇಖಕ ಗಾರ್ಡನ್ ಸ್ಟೇಬಲ್ಸ್ 1885ರಲ್ಲಿ ‘ವಾಂಡರರ್’ ಎಂಬ ಗಾಡಿಮನೆಯನ್ನು ಕಟ್ಟಿಸಿಕೊಂಡು ಊರೂರು ತಿರುಗಿದ. ಸಂತೋಷಕ್ಕಾಗಿಯೇ ಕಟ್ಟಿಸಿದ ಗಾಡಿಮನೆಗಳಲ್ಲಿ ಇದು ಮೊದಲನೆಯದೆಂದು ಹೆಸರಾಗಿದೆ. ಒಳಗೆ ಪೀಠೋಪಕರಣ, ಪುಸ್ತಕ, ಸಕಲ ಸೌಕರ್ಯ. ತೂಕ ಸುಮಾರು ಎರಡು ಟನ್ನು! ಎರಡು ಕುದುರೆಗಳು ಎಳೆಯುವಾಗ ಸೇವಕನೊಬ್ಬ ಮೂರು ಗಾಲಿಯ ಸೈಕಲ್ಲನ್ನೇರಿ ಮುಂದೆ ಹೋಗಿ ದಾರಿ ನೋಡಿಕೊಳ್ಳಬೇಕಾಗಿತ್ತು. ದೇವಿಮನೆ ಘಟ್ಟದಲ್ಲಿ ಇಂಥ ಗಾಡಿ ಏನಾಗುತ್ತಿತ್ತೋ ನೀವೇ ಊಹಿಸಿ.

ಒರಟು ದಾರಿಗೆ ತಕ್ಕ ಹಗುರ ಗಾಡಿ ಬಂದದ್ದು ಎರಡನೆಯ ಮಹಾಯುದ್ಧದಲ್ಲಿ. ಅಮೆರಿಕದ ಸೈನ್ಯ ಜೀಪಿನ ಹಿಂದೆ ಎರಡು ಗಾಲಿಯ ಚಿಕ್ಕ ಟ್ರೇಲರನ್ನು ಕಟ್ಟಿತು. ಜೀಪಿನ ಗಾಲಿ ಯಾವುದೋ ಟ್ರೇಲರಿನ ಗಾಲಿಯೂ ಅದೇ; ಒಂದು ಕೆಟ್ಟರೆ ಇನ್ನೊಂದನ್ನು ಹಾಕಬಹುದು. ರಸ್ತೆ ಬಿಟ್ಟು ಇಳಿದಾಗ ಅದಕ್ಕೆ ಕಾಲು ಟನ್ನಿಗಿಂತ ಹೆಚ್ಚು ಹೇರುವಂತಿರಲಿಲ್ಲ. ಯುದ್ಧ ಮುಗಿದ ಮೇಲೆ ಅಂಥ ಟ್ರೇಲರುಗಳನ್ನು ಕೊಂಡ ಜನ ಮೇಲೆ ಗುಡಾರ ಕಟ್ಟಿ ಪ್ರವಾಸ ಹೊರಟರು. ನಮ್ಮ ದೇಶದಲ್ಲಿಯೂ 1940ರ ದಶಕದ ಕೊನೆಯಿಂದ ಮಹೀಂದ್ರ ಕಂಪನಿ ಜೀಪುಗಳನ್ನು ಜೋಡಿಸತೊಡಗಿತು. ಕಾಡು, ಗುಡ್ಡಗಳಲ್ಲಿ ಕೆಲಸವಿದ್ದ ಸರಕಾರಿ ಇಲಾಖೆಗಳಲ್ಲಿ ಜೀಪೂ ಅದರ ಟ್ರೇಲರೂ ಬಳಕೆಗೆ ಬಂದವು.

ಎತ್ತಿನ ಗಾಡಿಯ ಕುರಿತ ಚಿಂತನೆಯೂ ನಿಂತಿರಲಿಲ್ಲ. ಬೆಂಗಳೂರಿನ ಭಾರತೀಯ ನಿರ್ವಹಣಾ ಸಂಸ್ಥೆಯ ಮೊದಲ ನಿರ್ದೇಶಕರಾಗಿದ್ದ ಪ್ರೊ. ಎನ್. ಎಸ್. ರಾಮಸ್ವಾಮಿಯವರು 1970ರ ದಶಕದಲ್ಲಿ ದೇಶದ ಕೋಟಿಗೂ ಮಿಕ್ಕ ಎತ್ತಿನ ಗಾಡಿಗಳ ಸುಧಾರಣೆಯನ್ನು ಗಂಭೀರ ವಿಷಯವಾಗಿ ಎತ್ತಿಕೊಂಡರು. ಗಾಡಿಯ ತೂಕ ಇಳಿಸಿ, ಅಚ್ಚು ಸುಲಭವಾಗಿ ತಿರುಗುವಂತೆ ಮಾಡಿ, ನೊಗವನ್ನು ತಿದ್ದಿದರೆ ಎತ್ತಿನ ಹಿಂಸೆ ತಗ್ಗುತ್ತದೆ, ಹೇರು ಹೆಚ್ಚುತ್ತದೆ ಎಂಬುದು ಅವರ ವಾದ.

ಈಗ ನಿಮ್ಮ ಆಯ್ಕೆಗೆ ಬರೋಣ. ಎಳೆಯುವುದು ಎತ್ತಲ್ಲ, ಎಂಜಿನು. ಆದರೂ ರೈತ ನೋಡಿದ ನಾಲ್ಕು ಅಂಶಗಳು ಹಾಗೆಯೇ ಉಳಿದಿವೆ.

ಮೊದಲು ತೂಕ. ನೂರು ಲೀಟರು ನೀರಿನ ತೊಟ್ಟಿಯೆಂದರೆ ನೂರು ಕಿಲೋ, ಅಂದರೆ ಲಂಬಾಣಿಗರ ಒಂದು ಎತ್ತಿನ ಹೇರು! ಮಾರುವವರು ಹೇಳುವ ಬರಿಗಾಡಿಯ ತೂಕಕ್ಕೆ ನೀರು, ಒಲೆ, ಹಾಸಿಗೆ, ಬ್ಯಾಟರಿ ಎಲ್ಲವನ್ನೂ ಕೂಡಿಸಿ ನೋಡಿ. ಆ ಮೊತ್ತ ನಿಮ್ಮ ಕಾರಿನ ತಯಾರಕರು ಹೇಳಿದ ಎಳೆತದ ಮಿತಿಯೊಳಗಿರಬೇಕು. ಯುರೋಪಿನಲ್ಲಿ 750 ಕಿಲೋ ಮೀರಿದ ಟ್ರೇಲರಿಗೆ ಅದರದೇ ಬ್ರೇಕು ಕಡ್ಡಾಯ. ಘಟ್ಟದ ಇಳಿಜಾರು ಇಳಿಯಬೇಕಾದ ನಮಗೆ ಅದಕ್ಕಿಂತ ಕಡಿಮೆ ತೂಕಕ್ಕೂ ಬ್ರೇಕಿರುವುದು ಲೇಸು.

ಎರಡನೆಯದು ಮುಂಭಾರ, ಹಿಂಭಾರ. ಒಟ್ಟು ತೂಕದ ಹತ್ತರಲ್ಲೊಂದು ಪಾಲು ಕೊಂಡಿಯ ಮೇಲೆ ಬೀಳುವಂತೆ ಸಾಮಾನು ಜೋಡಿಸಬೇಕೆಂಬುದು ಸಾಮಾನ್ಯ ಲೆಕ್ಕ. ಹಿಂಭಾರವಾದರೆ ವೇಗದಲ್ಲಿ ಟ್ರೇಲರ್ ಬಾಲದಂತೆ ಅಲುಗಿ ಕಾರನ್ನೇ ಎಳೆದಾಡುತ್ತದೆ. ಮೂರನೆಯದು ದುರಸ್ತಿ. ಗಾಲಿ, ಟೈರು ನಿಮ್ಮ ಕಾರಿನದೇ ಅಳತೆಯವಾಗಿರಲಿ. ಅಡಿಯಲ್ಲಿ ಪಟ್ಟಿ ಸ್ಪ್ರಿಂಗಿದ್ದರೆ ಹಳ್ಳಿಯ ಗ್ಯಾರೇಜಿನಲ್ಲಿಯೂ ಕೆಲಸವಾಗುತ್ತದೆ. ಉಪ್ಪುಗಾಳಿಯ ಕರಾವಳಿಯಲ್ಲಿ ಬರಿಯ ಬಣ್ಣ ಬಳಿದ ಕಬ್ಬಿಣ ಬೇಗ ತುಕ್ಕು ಹಿಡಿಯುವುದರಿಂದ ಚೌಕಟ್ಟಿಗೆ ಸತುವಿನ ಲೇಪವಿರಲಿ. ನಾಲ್ಕನೆಯದು ಇಳಿಜಾರಿನ ಬ್ರೇಕು. ಅದನ್ನು ಆಗಲೇ ಹೇಳಿದ್ದಾಯಿತು.

ಇನ್ನು ಬೆಲೆ. ಗಟ್ಟಿ ಗೋಡೆಯ ಗಾಡಿಮನೆಗಿಂತ, ಗಟ್ಟಿಮುಟ್ಟಾದ ಚೌಕಟ್ಟಿನ ಮೇಲೆ ಬಿಚ್ಚುವ ಗುಡಾರವಿರುವುದೇ ಅಗ್ಗ, ಹಗುರ. ಇಕ್ಕಟ್ಟಾದ ತಿರುವಿಗೂ ಅದೇ ಅನುಕೂಲ. ಹಣ ಸಾಲದಿದ್ದರೆ ಚೌಕಟ್ಟು, ಅಚ್ಚು, ಕೊಂಡಿಗಳಲ್ಲಿ ಉಳಿತಾಯ ಮಾಡಬೇಡಿ. ಅಡಿಗೆಯ ಕಪಾಟು, ಅಲಂಕಾರಗಳಲ್ಲಿ ಮಾಡಿ. ಒಲೆಯನ್ನು ಮುಂದಿನ ವರ್ಷ ಕೊಳ್ಳಬಹುದು, ಅಚ್ಚನ್ನು ಹಾಗೆ ಕೊಳ್ಳಲಾಗದು. ಎಲ್ಲಿಯಾದರೂ ಬಾಡಿಗೆಗೆ ಸಿಕ್ಕರೆ ಒಂದು ವಾರ ಎಳೆದು ನೋಡಿದ ಮೇಲೆಯೇ ಹಣ ಕಟ್ಟಿ. 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಟ್ರೇಲರೂ ಮೋಟಾರು ವಾಹನವೇ. ಆದುದರಿಂದ ನೋಂದಣಿಯ ಕಾಗದಪತ್ರ ದೊರೆಯದ ಗಾಡಿಯನ್ನು ಎಷ್ಟೇ ಅಗ್ಗವಾದರೂ ಮುಟ್ಟಬೇಡಿ. ಓಡುವಾಗ ಅದರೊಳಗೆ ಯಾರನ್ನೂ ಕೂರಿಸಲೂಬೇಡಿ.

ಗಾಡಿಯ ಆಯ್ಕೆಯಷ್ಟೇ ಮುಖ್ಯವಾದದ್ದು ತಂಗುವ ಜಾಗದ ಆಯ್ಕೆ. ಈ ಕರಾವಳಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ. 2024ರ ಜುಲೈ 16ರಂದು ಅಂಕೋಲೆ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಬದಿಯ ಗುಡ್ಡ ಕುಸಿದು, ಚಹದಂಗಡಿಯನ್ನೂ ಅದರ ಬಳಿ ನಿಂತಿದ್ದ ವಾಹನಗಳನ್ನೂ ಗಂಗಾವಳಿಗೆ ದೂಡಿತು. ಅಂಗಡಿಯ ಸಂಸಾರವೂ ದಣಿವಾರಿಸಿಕೊಳ್ಳಲು ನಿಂತ ಚಾಲಕರೂ ಪ್ರಾಣ ಕಳೆದುಕೊಂಡರು. ಕಡಿದ ಗುಡ್ಡದ ಬುಡದಲ್ಲಿ, ಅದರಲ್ಲಿಯೂ ಮಳೆಗಾಲದಲ್ಲಿ, ಎಷ್ಟೇ ಸಮತಟ್ಟಾದ ಜಾಗ ಕಂಡರೂ ಬಿಡಾರ ಹೂಡಬೇಡಿ. ಒಣಗಾಲದಲ್ಲಿ ಮಾತ್ರ ಘಟ್ಟ ಇಳಿಯುತ್ತಿದ್ದ ಚಕ್ಕಡಿಯವರ ಪದ್ಧತಿ ಇಂದಿಗೂ ಒಳ್ಳೆಯದೇ.

ತದಡಿಗೆ ಬಂದಿರಾದರೆ ಇನ್ನೊಂದು ಮಾತು. ಇಲ್ಲಿಯ ಅಳಿವೆ ಖಾಲಿ ಬಯಲಲ್ಲ. ಭರತ ಇಳಿದಾಗ ಬಳಚು ಆಯುವವರಿಗೆ ಅದು ಹೊಲ; ಗಜನಿಯ ಉಪ್ಪುನೀರಿಗೆ ಜಗ್ಗದ ಕಗ್ಗ ಭತ್ತ ಬೆಳೆಯುವ ಗದ್ದೆ; ಸಾಣಿಕಟ್ಟಾದ ಉಪ್ಪಿನ ಆಗರಗಳಿಗೆ ನೀರಿನ ಮೂಲ. 4,801 ಹೆಕ್ಟೇರಿನ ಅಘನಾಶಿನಿ ಅಳಿವೆಯನ್ನು 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿಸಲಾಗಿದೆ. ಈ ಜಿಲ್ಲೆಯ ಹೊಯ್ಗೆಯ ದಂಡೆಗಳಲ್ಲಿ ಕಡಲಾಮೆಗಳು ಗುಂಡಿ ತೋಡಿ ಮೊಟ್ಟೆಯಿಡುತ್ತವೆ. ಗುಡ್ಡದ ದಾರಿಗೆ ಇಳಿಯುವ ಗಾಡಿ ಇದೆಯೆಂದು ಅದನ್ನು ಹೊಯ್ಗೆಗೂ ಗಜನಿಗೂ ಇಳಿಸಿದರೆ ಮೊಟ್ಟೆಯೂ ಹಾಳು, ಬದುವೂ ಹಾಳು. ಭರತ ಏರಿ ಬಂದಾಗ ಗಾಡಿಯೂ ಸಿಕ್ಕಿಬೀಳುತ್ತದೆ. ಊರವರ ಒಪ್ಪಿಗೆ ಕೇಳಿ, ಗಟ್ಟಿ ನೆಲದ ಮೇಲೆ, ಭರತದ ಗುರುತಿಗಿಂತ ಬಹಳ ಮೇಲೆ ಗಾಡಿ ನಿಲ್ಲಿಸಿ; ಬಚ್ಚಲ ನೀರನ್ನೂ ಕಸವನ್ನೂ ನಿಮ್ಮೊಡನೆಯೇ ಒಯ್ಯಿರಿ.

ಹೇರಿನ ಎತ್ತು, ಚಕ್ಕಡಿ, ಜೀಪಿನ ಟ್ರೇಲರ್ ಮೂರೂ ಬೇರೆ ಬೇರೆ ಕಾಲದವು. ಆದರೆ ಮೂರನ್ನೂ ಆರಿಸಿದವರು ಮೊದಲು ದಾರಿಯನ್ನು ನೋಡಿ, ಆಮೇಲೆ ಹೇರನ್ನು ನಿಶ್ಚಯಿಸಿ, ಕೊನೆಗೆ ಹಣದ ಚೀಲ ಬಿಚ್ಚಿದರು. ನೀವೂ ಅದೇ ಕ್ರಮ ಹಿಡಿದರೆ ಸಾಲವಿಲ್ಲದೆ ಗಾಡಿ ಕೊಂಡೀರಿ. ದೇವಿಮನೆ ಇಳಿದು ತದಡಿಯ ತೀರವನ್ನು ಸುಖವಾಗಿ ಸೇರಿಯೂ ಸೇರುವಿರಿ.