ಅಮರದ ಬಾಯಿಪಾಠದಲ್ಲಿ ಅಂಗನಾಮಗಳು

ಮರಳಿನ ಮೇಲೆ ಅಕ್ಷರ ತಿದ್ದುವ ಘಟ್ಟವನ್ನು ದಾಟಿದ ಬಾಲಕರಿಗೆ ಅಮರಕೋಶ ಅಥವಾ ಬರಿಯ ಅಮರ ಎಂದೇ ಹೆಸರಾದ, ಅಮರಸಿಂಹನ ಸಂಸ್ಕೃತ ನಿಘಂಟು ನಾಮಲಿಂಗಾನುಶಾಸನವನ್ನು ಕಂಠಸ್ಥ ಮಾಡಿಸುವುದು ನಮ್ಮ ನಾಡಿನ ಪೂರ್ವಕಾಲದ ವಿದ್ಯಾಭ್ಯಾಸದಲ್ಲಿ ಬಹುಕಾಲ ನಡೆದುಬಂದ ಪದ್ಧತಿ. ಬಳ್ಳಾರಿಯ ಕಲೆಕ್ಟರನಾಗಿದ್ದ ಎ. ಡಿ. ಕ್ಯಾಂಬೆಲ್ಲನು 1823ರಲ್ಲಿ ಮದರಾಸಿಗೆ ಕಳುಹಿಸಿದ ವರದಿಯಲ್ಲಿ, ಆ ಜಿಲ್ಲೆಯ 533 ಪಾಠಶಾಲೆಗಳನ್ನೂ ಅವುಗಳಲ್ಲಿ ಕನ್ನಡದವಾದ 235ನ್ನೂ ಎಣಿಸಿ, ಅಲ್ಲಿ ಬಳಕೆಯಲ್ಲಿದ್ದ ನಿಘಂಟು ವ್ಯಾಕರಣಗಳ ಸಾಲಿನಲ್ಲಿ ಶಬ್ದಮಣಿದರ್ಪಣದೊಡನೆ ಅಮರವನ್ನೂ ಹೆಸರಿಸಿದ್ದಾನೆ.

ಆ ಕೋಶದ ದ್ವಿತೀಯ ಕಾಂಡದ ಮನುಷ್ಯವರ್ಗದಲ್ಲಿ ಅಂಗಾಂಗಗಳ ಗಣನೆಯು ಪಾದದಿಂದ ಮೊದಲಾಗಿ, ಗುಲ್ಫ, ಜಂಘೆ, ಜಾನು, ಊರುಗಳನ್ನು ಕ್ರಮವಾಗಿ ಏರಿ, ಗುದ, ವಸ್ತಿ, ಕಟಿ, ನಿತಂಬಗಳನ್ನು ಹೇಳಿ, ಯೋನಿ, ಶಿಶ್ನ, ವೃಷಣಗಳನ್ನೂ ಅದೇ ಧಾಟಿಯಲ್ಲಿ ಪರ್ಯಾಯನಾಮಗಳೊಡನೆ ಪಠಿಸಿ, ಉದರಸ್ತನಗಳ ಮಾರ್ಗವಾಗಿ ಶಿರಸ್ಸನ್ನು ಸೇರುತ್ತದೆ. ಮೊಣಕಾಲಿಗೆ ಸಲ್ಲದ ಸಂಕೋಚ ಜನನೇಂದ್ರಿಯಕ್ಕೂ ಅಲ್ಲಿ ಸಲ್ಲಲಿಲ್ಲ. ಒಂದು ಪಾದವನ್ನು ನುಂಗಿದರೆ ಶ್ಲೋಕವೇ ಕೆಡುವುದರಿಂದ, ದನಿ ತಗ್ಗಿಸಿ ಹಾರಿಸಿಬಿಡುವ ಅವಕಾಶವನ್ನು ಛಂದಸ್ಸು ಗುರುವಿಗಾಗಲಿ ಶಿಷ್ಯನಿಗಾಗಲಿ ಕೊಡಲಿಲ್ಲ. ಎಳೆಯ ನಾಲಗೆಯ ಮೇಲೆ ಶರೀರವು ಅಖಂಡವಾಗಿ ನಿಂತ ಈ ಸಂಗತಿ ನನಗೆ ಬಹು ದೊಡ್ಡದಾಗಿ ಕಾಣುತ್ತದೆ.

ಆದರೂ ಆ ಕಾಲವನ್ನು ಕೊಂಡಾಡಲು ಮನಸ್ಸು ಒಪ್ಪದು. ಹುಡುಗರು ತಮಗೆ ಅರ್ಥವಾಗದ ಪದ್ಯಗಳನ್ನು ಉರುಹೊಡೆಯುವರೆಂದು ಕ್ಯಾಂಬೆಲ್ಲನೇ ಮರುಗಿದ್ದಾನೆ; ಅವನು ಲೆಕ್ಕವಿಟ್ಟ 6,398 ಹಿಂದೂ ವಿದ್ಯಾರ್ಥಿಗಳಲ್ಲಿ ಹೆಣ್ಣುಮಕ್ಕಳು ಕೇವಲ 60. ಹೆಸರು ಬಾಯಿಗೆ ಬಂದಿತೇ ಹೊರತು ಬಾಲಕನು ಅದನ್ನು ತನ್ನ ಮೈಯೊಡನೆ ಕೂಡಿಸಿಕೊಳ್ಳುವಂತೆ ತಿಳಿಸಿ ಹೇಳುವವರಿರಲಿಲ್ಲ. ಅವನ ತಂಗಿಗಂತೂ ಹೆಸರೂ ದೊರೆಯಲಿಲ್ಲ. ಮನೆಯ ಬಚ್ಚಲಿನಲ್ಲಿ ಕಣ್ಣು, ಕಿವಿ, ಮೂಗುಗಳನ್ನು ಮುಟ್ಟಿ ಮುಟ್ಟಿ ಕಲಿಸುವ ತಾಯಿಯೂ ಹೊಕ್ಕುಳಿನ ಕೆಳಗೆ ಬಂದೊಡನೆ 'ಉಚ್ಚೆ ಮಾಡೋ ಜಾಗ' ಎಂದೋ, 'ಛೀ' ಎಂದೋ ಮುಗಿಸುವುದು ಇಂದಿಗೂ ನಿಂತಿಲ್ಲ.

ಅಮರವು ಹಿಂದೆ ಸರಿದು ಅಚ್ಚಿನ ಪಾಠಪುಸ್ತಕಗಳು ಬಂದ ಮೇಲೆ ಉಳಿದಿದ್ದ ಬಾಯಿಪಾಠವೂ ಹೋಯಿತು. ತರಗತಿಯ ಗೋಡೆಗೆ ತೂಗುಹಾಕಿದ ಪಟದ ಹುಡುಗನು ಚಡ್ಡಿ ತೊಟ್ಟು ನಿಂತನು. ಬಾಣದ ಗುರುತುಗಳು ಹೊಟ್ಟೆಯಿಂದ ತೊಡೆಗೆ ನೆಗೆದುವು. ಬಿಟ್ಟುಹೋದ ಹೆಸರುಗಳನ್ನು ಮಗುವು ಪ್ರೌಢಶಾಲೆಯ ಜೀವಶಾಸ್ತ್ರದಲ್ಲಿ, ಅಷ್ಟರಲ್ಲಾಗಲೇ ಬೀದಿಯ ಬೈಗುಳಗಳಿಂದ ಅವುಗಳ ವಿಕಾರರೂಪಗಳನ್ನು ಕಲಿತ ಮೇಲೆ, ಸಂಧಿಸತೊಡಗಿತು.

ಮನೆಯೂ ಶಾಲೆಯೂ ಹೀಗೆ ಹಾರಿಸಿದ ಹೆಸರುಗಳನ್ನು ಕಾನೂನು ಹಾರಿಸಿಲ್ಲ: ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸಲು 2012ರಲ್ಲಿ ಆದ ಕಾಯಿದೆಯು ಯೋನಿ, ಮೂತ್ರನಾಳ, ಗುದಗಳನ್ನು ಸ್ಪಷ್ಟವಾಗಿ ಹೆಸರಿಸುತ್ತದೆ. ಅಷ್ಟೇ ಅಲ್ಲದೆ, ಮಗುವಿನ ಹೇಳಿಕೆಯನ್ನು ಅದು ನುಡಿದಂತೆಯೇ, ತಂದೆತಾಯಿಗಳ ಅಥವಾ ಅದು ನಂಬುವ ಬೇರೊಬ್ಬರ ಸಮ್ಮುಖದಲ್ಲಿ ಬರೆದುಕೊಳ್ಳಬೇಕೆಂದೂ ಅದರ 26ನೆಯ ಕಲಮು ವಿಧಿಸುತ್ತದೆ. ನಾಲ್ಕು ವರ್ಷದ ಮಗುವೊಂದು ಆ ಹೊತ್ತಿನಲ್ಲಿ ನುಡಿಯಬೇಕಾದ ಮಾತನ್ನು ಪೊಲೀಸರಾಗಲಿ ನ್ಯಾಯಾಧೀಶರಾಗಲಿ ಹೇಳಿಕೊಡುವಂತಿಲ್ಲ. ಕಣ್ಣು ಮೂಗುಗಳ ಹೆಸರನ್ನು ಕಲಿಸಿದ ದಿನಗಳಲ್ಲಿಯೇ, ಅದೇ ದನಿಯಲ್ಲಿ, ಮನೆಯವರು ಅದನ್ನು ಕಲಿಸಿರಬೇಕು.