ನೆನಪಿನಲ್ಲಿ ಉಳಿದ ಊರುಗಳು

ಸಣ್ಣ ಊರೊಂದರ ಚರಿತ್ರೆಯನ್ನು ಬರೆಯಹೊರಟವನಿಗೆ ಮೊದಲು ಕೈಗೆ ಸಿಗುವುದು ಗ್ಯಾಸೆಟಿಯರು. ಬಿ. ಎಲ್. ರೈಸ್ ಅವರು ಸಿದ್ಧಪಡಿಸಿದ ಮೈಸೂರು ಗ್ಯಾಸೆಟಿಯರಿನ ಪರಿಷ್ಕೃತ ಆವೃತ್ತಿ 1897ರಲ್ಲಿ ಹೊರಬಂದಿತು. ಮುಳಬಾಗಿಲಿನ ಹೆಸರು ಹೇಗೆ ಬಂದಿತು, ಜನಸಂಖ್ಯೆ ಎಷ್ಟು ಎಂಬುದನ್ನೆಲ್ಲ ಅಂತಹ ಗ್ರಂಥ ಹೇಳುತ್ತದೆ. ಊರಿನ ಮೇಷ್ಟರು ಎಂತಹವರು, ಪುರೋಹಿತರ ಮನೆಯಲ್ಲಿ ಒಲೆ ಹೇಗೆ ಉರಿಯುತ್ತಿತ್ತು ಎಂಬುದು ಅದರ ವ್ಯಾಪ್ತಿಗೆ ಸೇರಿದ್ದಲ್ಲ.

ಅದೇ ಊರಿನಲ್ಲಿ 1887ರಲ್ಲಿ ಹುಟ್ಟಿದ ಡಿ. ವಿ. ಗುಂಡಪ್ಪನವರು ಆ ಗ್ರಂಥ ಬಂದಾಗ ಹತ್ತು ವರ್ಷದ ಹುಡುಗ. ಮುಂದೆ ಇಳಿವಯಸ್ಸಿನಲ್ಲಿ ಅವರು ಕೊಟ್ಟ ‘ಜ್ಞಾಪಕ ಚಿತ್ರಶಾಲೆ’ ಎಂಟು ಸಂಪುಟಗಳಷ್ಟಾಯಿತು. ಅದರಲ್ಲಿ ತಮ್ಮ ವಿಷಯ ಹೇಳಿಕೊಂಡದ್ದು ಕಡಮೆ. ತಾವು ಕಂಡವರ ವಿಷಯವೇ ಬಹಳ. ಮೈಸೂರಿನ ದಿವಾನರಿಗೆ ಒಂದು ಸಂಪುಟವಾದರೆ ಊರಿನ ವೈದಿಕರಂತಹವರಿಗೂ ಒಂದು ಸಂಪುಟ! ಆತ್ಮಚರಿತ್ರೆ ಎನ್ನುವುದಕ್ಕಿಂತ ಇದನ್ನು ಪರಚರಿತ್ರೆ ಎನ್ನುವುದೇ ಸರಿಯಾದೀತು.

ಬರೆಯುವವರು ತಮ್ಮನ್ನೇ ನಡುವೆ ನಿಲ್ಲಿಸಿಕೊಂಡರೂ ಸುತ್ತಲಿನ ಊರು ಕಾಣದೆ ಹೋಗುವುದಿಲ್ಲ. ಗಿರೀಶ ಕಾರ್ನಾಡರ ಆತ್ಮಕಥೆ ‘ಆಡಾಡತ ಆಯುಷ್ಯ’ ಪ್ರಕಟವಾದದ್ದು 2011ರಲ್ಲಿ. ಅವರ ತಂದೆ ವೈದ್ಯರು. ಹುಡುಗನಾಗಿದ್ದಾಗ ಅವರಿದ್ದುದು ಮಲೆನಾಡಿನ ಶಿರಸಿಯಲ್ಲಿ. ಆಗ ಅದು ಮುಂಬಯಿ ಪ್ರಾಂತಕ್ಕೆ ಸೇರಿತ್ತು, ವಿದ್ಯುದ್ದೀಪ ಬಂದಿರಲಿಲ್ಲ. ಆ ದಿನಗಳ ಎರಡು ಬಗೆಯ ಆಟಗಳನ್ನು ಕಾರ್ನಾಡರು ನೆನೆದಿದ್ದಾರೆ. ಕಂಪನಿ ನಾಟಕ ಬಂದರೆ ತಂದೆ ಮನೆಮಂದಿಯನ್ನೆಲ್ಲ ಕರೆದುಕೊಂಡು ಹೋಗುತ್ತಿದ್ದರು. ಸುಗ್ಗಿ ಮುಗಿದ ಮೇಲೆ ಬಯಲಿನಲ್ಲಿ ನಡೆಯುವ ಯಕ್ಷಗಾನಕ್ಕೆ ಮಾತ್ರ ಹುಡುಗ ಹೋಗುತ್ತಿದ್ದುದು ಮನೆಯ ಆಳುಗಳ ಜೊತೆ, ಇಡೀ ರಾತ್ರಿ ನಿದ್ದೆಗೆಟ್ಟು. ಅಲ್ಲಿ ಪೆಟ್ರೋಮ್ಯಾಕ್ಸು, ಇಲ್ಲಿ ದೊಂದಿ.

ಈ ಎರಡು ಬೆಳಕುಗಳಲ್ಲಿ ಒಂದು ಊರಿನ ಸಮಾಜವೇ ಇದೆ. ಪಂಪು ಹೊಡೆದು ಸೀಮೆಎಣ್ಣೆಯನ್ನು ಆವಿಮಾಡಿ ಮ್ಯಾಂಟಲನ್ನು ಉರಿಸುವ ಪೆಟ್ರೋಮ್ಯಾಕ್ಸಿನ ಬೆಳಕು ಬಿಳಿ, ಅಲುಗದು. ಪರದೆಯ ಮೇಲೆ ಬರೆದ ಅರಮನೆ, ಉದ್ಯಾನಗಳೆಲ್ಲ ಅದರಲ್ಲಿ ಸ್ಪಷ್ಟವಾಗಿ ಕಾಣುತ್ತವೆ. ದೊಂದಿಯದು ಕುಣಿಯುವ ಬೆಳಕು. ಯಕ್ಷಗಾನದ ಮುಖವರ್ಣಿಕೆ, ಕಿರೀಟದ ಮಿಂಚು ಇವು ಆ ಬೆಳಕಿಗೇ ಹೇಳಿ ಮಾಡಿಸಿದಂತಹವು. ಇಂದಿನ ಪ್ರಖರ ದೀಪಗಳ ಕೆಳಗೆ ಅವನ್ನು ನೋಡುವವರಿಗೆ ಇದು ಸುಲಭವಾಗಿ ತಿಳಿಯದು. ಎರಡು ಕಡೆಯೂ ಕುಳಿತುಕೊಳ್ಳುವ ಸ್ವಾತಂತ್ರ್ಯ ಡಾಕ್ಟರರ ಮಗನಿಗಿತ್ತು. ಅವರು ಹದಿಹರೆಯಕ್ಕೆ ಕಾಲಿಡುವ ವೇಳೆಗೆ ಆ ಕಡೆ ಕಂಪನಿಗಳ ಆಟ ನಿಂತಿತ್ತು.

ಆ ಹುಡುಗನನ್ನು ಆಟಕ್ಕೆ ಕರೆದುಕೊಂಡು ಹೋದ ಆಳುಗಳು ಏನು ಕಂಡರು? ಅದನ್ನು ಬರೆದಿಟ್ಟವರಿಲ್ಲ. ಊರನ್ನು ಬಿಟ್ಟು ನಗರ ಸೇರಿದವರು, ಅದರಲ್ಲಿಯೂ ಓದಿದ ಮನೆಗಳ ಗಂಡಸರು, ಬರೆದದ್ದರಿಂದಲೇ ನಮ್ಮ ಸಣ್ಣ ಊರುಗಳ ಬಾಲ್ಯಚಿತ್ರ ಬಹುಕಾಲ ತುಂಬಿತು. ಬೇರೆ ಬೀದಿಯ ಮಕ್ಕಳು ಬರೆದದ್ದು ತಡವಾಗಿ. ಮುದ್ದೇಬಿಹಾಳದಲ್ಲಿ ಹುಟ್ಟಿದ ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ 1994ರಲ್ಲಿ ಬಂದಿತು. ಅಲ್ಲಿಯೂ ಶಾಲೆಯಿದೆ, ಮೇಷ್ಟರಿದ್ದಾರೆ, ಅಜ್ಜಿಯಿದ್ದಾಳೆ. ಆದರೆ ದಲಿತ ಹುಡುಗನಿಗೆ ಶಾಲೆಯೆಂದರೆ ಮೊದಲು ನೆನಪಾಗುವುದು ಪದ್ಯವಲ್ಲ, ತನ್ನನ್ನು ದೂರ ಇರಿಸಿದ ಬಗೆ.

ಅದೇ ದಶಕದಲ್ಲಿ ಬಂದ ಸಿದ್ಧಲಿಂಗಯ್ಯನವರ ‘ಊರು ಕೇರಿ’ಯ ಆರಂಭ ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ. ಹುಡುಗನ ಕಣ್ಣಿಗೆ ಹೊಲವೊಂದು ಬೀಳುತ್ತದೆ. ಎತ್ತುಗಳಿರಬೇಕಾದ ಕಡೆ ಇಬ್ಬರು ಮನುಷ್ಯರು ನೊಗಕ್ಕೆ ಹೆಗಲು ಕೊಟ್ಟಿದ್ದಾರೆ. ಹಿಂದಿನಿಂದ ಇನ್ನೊಬ್ಬ ಉಳುತ್ತಿದ್ದಾನೆ. ಹೊಲದ ವಿಸ್ತೀರ್ಣವೂ ಕಂದಾಯವೂ ತಾಲ್ಲೂಕು ಕಚೇರಿಯ ಲೆಕ್ಕದಲ್ಲಿ ಬರೆದಿರಬಹುದು. ನೊಗ ಹೊತ್ತ ಆ ಇಬ್ಬರಲ್ಲಿ ಒಬ್ಬರು ಹುಡುಗನ ತಂದೆ.